ಅಂಗಿಗೆ ಪಾಸ್‌ಪೋರ್ಟು, ಬಾವುಟಕ್ಕೆ ರಿಯಾಯಿತಿ

ಇನ್ನು ಮುಂದೆ ಅಂಗಿಗೂ ಪಾಸ್‌ಪೋರ್ಟು ಬೇಕು. ಗಾದಿಗೂ ಬೇಕು. ಟೈರಿಗೆ, ಕುರ್ಚಿಗೆ, ಕಬ್ಬಿಣದ ಸರಳಿಗೆ, ಎಲ್ಲಕ್ಕೂ ಬೇಕು. ತಮಾಷೆಯಲ್ಲ. ಯುರೋಪಿನವರು ಕಾನೂನು ಮಾಡಿ ಕೂತಿದ್ದಾರೆ.

ಕಾನೂನಿನ ಹೆಸರು ಉದ್ದ ಇದೆ, ಬಿಡಿ. ಸಂಖ್ಯೆ 2024/1781. ಜಾರಿಗೆ ಬಂದದ್ದು 2024ರ ಜುಲೈ 18ಕ್ಕೆ. ಯುರೋಪಿನ ಮಾರುಕಟ್ಟೆಗೆ ಕಾಲಿಡುವ ಸರಕು ತನ್ನ ಜಾತಕವನ್ನು ತಾನೇ ಹೊತ್ತು ತರಬೇಕು ಅನ್ನುವುದು ಅದರ ತಾತ್ಪರ್ಯ. ಮೈಮೇಲೆ ಒಂದು ಕ್ಯೂಆರ್ ಕೋಡು. ಮೊಬೈಲು ಹಿಡಿದರೆ ಎಲ್ಲ ಬಯಲು. ಯಾವ ಕಚ್ಚಾ ಮಾಲು, ಯಾವ ಕಾರ್ಖಾನೆ, ಏನೇನು ರಾಸಾಯನಿಕ, ಎಷ್ಟು ಹೊಗೆ, ಕೆಟ್ಟರೆ ರಿಪೇರಿ ಹೇಗೆ, ಸತ್ತರೆ ಸಂಸ್ಕಾರ ಹೇಗೆ. ಇದಕ್ಕೆ ಡಿಜಿಟಲ್ ಪ್ರಾಡಕ್ಟ್ ಪಾಸ್‌ಪೋರ್ಟ್ ಅಂತ ನಾಮಕರಣವಾಗಿದೆ.

ಸರದಿಯ ಪಟ್ಟಿಯೂ ತಯಾರಾಗಿದೆ. ಕಬ್ಬಿಣ, ಉಕ್ಕು, ಅಲ್ಯುಮಿನಿಯಂ, ಸಿದ್ಧ ಉಡುಪು, ಟೈರು, ಪೀಠೋಪಕರಣ, ಗಾದಿ. 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಪಟ್ಟಿ ಇದು. ಬ್ಯಾಟರಿಗೆ ಬೇರೆಯದೇ ಕಾನೂನು. ಅದರ ಗಡುವು 2027ರ ಫೆಬ್ರವರಿ 18. ವಿದ್ಯುತ್ ವಾಹನದ ಬ್ಯಾಟರಿಗೆ ಅಂದಿನಿಂದ ಪಾಸ್‌ಪೋರ್ಟು ಕಡ್ಡಾಯ.

ಮೊದಲ ಕಾನೂನಿನಲ್ಲೊಂದು ಷರತ್ತು ನನಗೆ ಬಹಳ ಹಿಡಿಸಿತು. ಮಾಲು ಮಾಡಿದ ಕಂಪನಿ ದಿವಾಳಿಯೆದ್ದರೂ ಪಾಸ್‌ಪೋರ್ಟು ಬದುಕಿರಬೇಕಂತೆ. ಅದಕ್ಕಾಗಿ ಒಂದು ಪ್ರತಿಯನ್ನು ಮೂರನೆಯವರ ಕಂಪ್ಯೂಟರಿನಲ್ಲಿ ಇಡಬೇಕಂತೆ. ನಮ್ಮಲ್ಲಿ ಕಂಪನಿ ಗುಂಡುಕಲ್ಲಿನಂತೆ ಬದುಕಿರುವಾಗಲೇ ಫೋನ್ ಎತ್ತುವುದಿಲ್ಲ.

ಇದಕ್ಕೂ ಹುಬ್ಬಳ್ಳಿಗೂ ಏನು ಸಂಬಂಧ ಅನ್ನಬೇಡಿ. ಗೋಕುಲ ರೋಡಿನ ಕೈಗಾರಿಕಾ ವಸಾಹತಿಗೆ ಒಮ್ಮೆ ಹೋಗಿ ಬನ್ನಿ. ತಾರಿಹಾಳಕ್ಕೆ ಹೋಗಿ. ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿ. ಹುಬ್ಬಳ್ಳಿಯ ವಾಲ್ವಿಗೆ ಹೊರದೇಶದಲ್ಲಿ ಹೆಸರಿದೆ. ವಾಲ್ವಿನ ಸರದಿ ನಾಳೆಯೇ ಬರುವುದಿಲ್ಲ, ನಿಜ. ಆದರೆ ಅದರ ಉಕ್ಕಿನ ಸರದಿ ಮೊದಲ ಸಾಲಿನಲ್ಲೇ ಇದೆ. ಅಲ್ಲಿನ ಗಿರಾಕಿ ಕಾನೂನು ಬರುವ ತನಕ ಕಾಯುವ ಆಸಾಮಿಯಲ್ಲ. ಮೊದಲೇ ಫಾರ್ಮು ಕಳಿಸುತ್ತಾನೆ. ನೂರೆಂಟು ಕಾಲಂ. ತುಂಬದಿದ್ದರೆ ಮುಂದಿನ ಆರ್ಡರು ಕೊಯಿಮತ್ತೂರಿಗೆ.

ಕಾನೂನಿನ ಪ್ರಕಾರ ಹೊಣೆ ಯುರೋಪಿನಲ್ಲಿ ಮಾಲು ಮಾರುವವನದು. ಅವನು ಅದನ್ನು ತನಗೆ ಮಾಲು ಕೊಟ್ಟವನ ತಲೆಗೆ ಕಟ್ಟುತ್ತಾನೆ. ಅವನು ಇನ್ನೊಬ್ಬನ ತಲೆಗೆ. ಕೊನೆಗೆ ಹೊರೆ ಬಂದು ಕೂರುವುದು ಎಂಟು ಜನ ಕೆಲಸಗಾರರ ಶೆಡ್ಡಿನ ಮೇಲೆ. ಅಲ್ಲಿ ಲೆಕ್ಕ ಬರೆಯುವವನೂ ಡಿಸ್ಪ್ಯಾಚ್ ನೋಡುವವನೂ ಒಬ್ಬನೇ. ಚಹಾ ಹೇಳಿ ಬರುವವನೂ ಅವನೇ.

ಹಾಗಂತ ಈ ಶೆಡ್ಡಿನವರಿಗೆ ಜಾತಕ ಬರೆಯುವುದು ಗೊತ್ತಿಲ್ಲ ಅಂತಲ್ಲ. ಒಳ್ಳೆಯ ಎರಕದ ಮೈಮೇಲೆ ಹೀಟ್ ನಂಬರ್ ಇರುತ್ತದೆ. ಯಾವ ದಿನ ಯಾವ ಕುಲುಮೆಯಲ್ಲಿ ಕರಗಿದ ಲೋಹ ಅಂತ ಅದು ಹೇಳುತ್ತದೆ. ಜೊತೆಗೆ ಟೆಸ್ಟ್ ಸರ್ಟಿಫಿಕೇಟ್. ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಎಳೆದರೆ ಎಷ್ಟು ಭಾರಕ್ಕೆ ಹರಿಯುತ್ತದೆ, ಎಲ್ಲ ಅದರಲ್ಲಿದೆ. ವಾಲ್ವ್ ಸೋರಿದರೆ ನಂಬರು ಹಿಡಿದು ಫೌಂಡ್ರಿಯ ಬಾಗಿಲಿಗೆ ಹೋಗಿ ನಿಲ್ಲಬಹುದು. ಕಾಸಿನ ಸಾಫ್ಟ್‌ವೇರ್ ಇಲ್ಲದೆ, ಒಂದು ಪಂಚು ಒಂದು ಸುತ್ತಿಗೆಯಲ್ಲಿ ನಡೆಯುತ್ತಿದ್ದ ಪಾಸ್‌ಪೋರ್ಟು ಅದು. ಅದಕ್ಕಾಗಿ ಯಾರೂ ಸ್ಟಾರ್ ಹೋಟೆಲಿನಲ್ಲಿ ಸೆಮಿನಾರು ಮಾಡಲಿಲ್ಲ.

ಹೊಸ ಪ್ರಶ್ನೆ ಬೇರೆ. ಈ ತುಂಡು ಕಬ್ಬಿಣಕ್ಕೆ ಎಷ್ಟು ಕಾರ್ಬನ್ ಹೊಗೆ ಹೋಯಿತು? ಮಾಲೀಕ ಎಲ್ಲಿಂದ ತರಬೇಕು ಲೆಕ್ಕ? ಕರೆಂಟು ಹೆಸ್ಕಾಂನದು. ದೇಶದ ಗ್ರಿಡ್ಡಿಗೆಲ್ಲ ಸೇರಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಒಂದು ಸರಾಸರಿ ಅಂಕಿ ಪ್ರಕಟಿಸುತ್ತದೆ. ಅದರಿಂದ ಗುಣಿಸಬಹುದು. ನಡುವೆ ಕರೆಂಟು ಹೋಗಿ ಡೀಸೆಲ್ ಜನರೇಟರ್ ಓಡಿದ ತಾಸುಗಳನ್ನು ಯಾರು ಬರೆದಿಟ್ಟಿದ್ದಾರೆ? 'ಸ್ವಲ್ಪ ಹೊತ್ತು ಹೋಗಿತ್ರಿ, ಮತ್ತ ಬಂತು' ಅನ್ನುವ ಕಾಲಂ ಯುರೋಪಿನ ಫಾರ್ಮಿನಲ್ಲಿಲ್ಲ.

ನೀರು ಎಷ್ಟು ಬಳಸಿದಿರಿ ಅಂತಲೂ ಕೇಳುತ್ತಾರೆ. ಹುಬ್ಬಳ್ಳಿಯವರನ್ನು ಕೇಳಬಾರದ ಪ್ರಶ್ನೆ ಅದು. ನಳ ಯಾವತ್ತು ಬರುತ್ತದೆ ಅಂತಲೇ ತಿಳಿಯದೆ ಓಣಿಯವರು ನಡುರಾತ್ರಿ ಕೊಡ ಹಿಡಿದು ಕೂರುವ ಊರಿದು. ಬಳಸಿದ ನೀರಿನ ಲೆಕ್ಕ ಆಮೇಲೆ. ಬಂದ ನೀರಿನ ಲೆಕ್ಕ ಮೊದಲು ಯಾರಾದರೂ ಕೊಡಲಿ.

ಚಿಂತೆ ಬೇಡ. ಕನ್ಸಲ್ಟಂಟ್ ಹೊರಟಿದ್ದಾನೆ.

"ಸರ, ನೀವ್ ಏನೂ ಕಾಳಜಿ ಮಾಡಬ್ಯಾಡ್ರಿ. ಎಲ್ಲಾ ನಾವ ತುಂಬಿ ಕೊಡ್ತೇವಿ."

"ಅಂಕಿ ಎಲ್ಲಿಂದ ತರ್ತೀರಿ?"

"ಅದನ್ನ ನಮಗ ಬಿಡ್ರಿ. ಟೆಂಪ್ಲೇಟ್ ಐತಿ."

ಮುಗಿಯಿತು. ಭೂಮಿ ಉಳಿಯಿತು. ಇದೇ ಮನುಷ್ಯ ಹಿಂದೆ ಐಎಸ್‌ಒ ಮಾಡಿಸಿ ಕೊಟ್ಟಿದ್ದ. ಆ ಸರ್ಟಿಫಿಕೇಟು ಈಗಲೂ ಆಫೀಸಿನ ಗೋಡೆಯಲ್ಲಿ ಲಕ್ಷ್ಮಿಯ ಫೋಟೋ ಪಕ್ಕದಲ್ಲಿದೆ. ಶುಕ್ರವಾರ ಎರಡಕ್ಕೂ ಊದಿನಕಡ್ಡಿ ಬೆಳಗುತ್ತಾರೆ. ಒಳಗೆ ಏನು ಬರೆದಿದೆ ಅಂತ ಓದಿದವರಿಲ್ಲ. ದೇವರ ಮುಂದೆ ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಕ್ಯೂಆರ್ ಕೋಡು ಇದ್ದರೆ ಸುಳ್ಳು ಹೇಳಲಾಗದು ಅಂತ ನಂಬುವ ಮುಗ್ಧರು ಈ ಕಾನೂನು ಬರೆದ ಬ್ರಸೆಲ್ಸಿನಲ್ಲಿದ್ದಾರೆ. ಅವರಿಗೆ 2020ರ ಕಥೆ ಹೇಳಬೇಕು. ಆ ವರ್ಷ ಸಾವಯವ ಜವಳಿಯ ಜಾಗತಿಕ ಮಾನಕ ಸಂಸ್ಥೆ, ಅಂದರೆ ಗಾಟ್ಸ್, ಭಾರತದಲ್ಲೊಂದು ಬಿಲ ಅಗೆಯಿತು. ಸುಮಾರು 20,000 ಟನ್ ಹತ್ತಿ ಸಾವಯವ ಅಂತ ಖೊಟ್ಟಿ ಕಾಗದದ ಮೇಲೆ ಓಡಾಡಿತ್ತು. ಕಾಗದದಲ್ಲಿ ಕ್ಯೂಆರ್ ಕೋಡೂ ಇತ್ತು. ಸ್ಕ್ಯಾನ್ ಮಾಡಿದರೆ ಸರ್ಕಾರದ ಜಾಲತಾಣವೇ ತೆರೆಯುತ್ತಿತ್ತು. ಸಣ್ಣ ತೊಡಕೆಂದರೆ ಆ ಜಾಲತಾಣವೂ ಖೊಟ್ಟಿ. ಅಸಲಿಯ ಪಡಿಯಚ್ಚು. ನಾವು ಪಾಸ್‌ಪೋರ್ಟಿನ ನಕಲು ಮಾಡುವವರಲ್ಲ. ಪಾಸ್‌ಪೋರ್ಟ್ ಆಫೀಸನ್ನೇ ನಕಲು ಮಾಡುವವರು.

ಸುಳ್ಳು ಬೇಡ ಅಂತ ಪ್ರಾಮಾಣಿಕವಾಗಿ ಹೊರಟವನಿಗಾದರೂ ದಾರಿ ಎಲ್ಲಿದೆ? ಹುಬ್ಬಳ್ಳಿ ಮಾರುಕಟ್ಟೆಗೆ ನೂರು ಹಳ್ಳಿಯ ಹತ್ತಿ ಬರುತ್ತದೆ. ಜಿನ್ನಿಂಗ್ ಫ್ಯಾಕ್ಟರಿಗೆ ಹೋದ ಮೇಲೆ ಎಲ್ಲ ಒಂದೇ ರಾಶಿ. ಕುಂದಗೋಳದ ಬೊಂಡೆ ಯಾವುದು, ನವಲಗುಂದದ್ದು ಯಾವುದು? ಹತ್ತಿಗೆ ಅಡ್ಡಹೆಸರು ಇರುವುದಿಲ್ಲ.

ನಮ್ಮ ಸರ್ಕಾರವೂ ಹಿಂದೆ ಬಿದ್ದಿಲ್ಲ. ವಿದ್ಯುತ್ ವಾಹನದ ಬ್ಯಾಟರಿಗೆ ಆಧಾರ್ ಕೊಡುವ ಕರಡನ್ನು ಕೇಂದ್ರ ಸಾರಿಗೆ ಇಲಾಖೆ ಹೊರಡಿಸಿದೆ. ಪ್ರತಿ ಬ್ಯಾಟರಿಗೂ 21 ಅಕ್ಷರಗಳ ಗುರುತು. ಬ್ಯಾಟರಿ ಪುಣ್ಯವಂತ. ಅದಕ್ಕೆ ಹೆಬ್ಬೆರಳಿಲ್ಲ. ರೇಷನ್ ಅಂಗಡಿಯ ಮುಂದೆ ಬೆರಳು ಒತ್ತಿ ಒತ್ತಿ ಕೊನೆಗೆ 'ಮ್ಯಾಚ್ ಆಗಂಗಿಲ್ಲ, ನಾಳೆ ಬಾ ಯವ್ವಾ' ಅನ್ನಿಸಿಕೊಂಡು ಬರುವ ಗತಿ ಅದಕ್ಕಿಲ್ಲ.

ಈ ಎಲ್ಲ ಕಸರತ್ತಿನಲ್ಲಿ ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಜರ್ಮನಿಯ ಗಿರಾಕಿ ಕೇಳಿದರೆ ಕಬ್ಬಿಣದ ಹುಟ್ಟು, ಕುಲ, ಗೋತ್ರ ಎಲ್ಲ ಹುಡುಕಿ ಕೊಡುತ್ತೇವೆ. ರಾತ್ರಿ ನಿದ್ದೆಗೆಟ್ಟು ಎಕ್ಸೆಲ್ ತುಂಬುತ್ತೇವೆ. ಹುಬ್ಬಳ್ಳಿಯವನು ಕೇಳಿದರೆ? "ನಿಮಗ್ಯಾಕ್ರಿ ಅದೆಲ್ಲಾ?"

2024ರ ಸೆಪ್ಟೆಂಬರ್. ಹುಬ್ಬಳ್ಳಿಯ ಹಳೇ ಕೋರ್ಟ್ ಸರ್ಕಲ್ಲು. ಮೇಲ್ಸೇತುವೆಯ ಕಾಮಗಾರಿ. ಕೆಳಗೆ ಬೈಕಿನಲ್ಲಿ ಕೆಲಸಕ್ಕೆ ಹೊರಟಿದ್ದ ಪೊಲೀಸ್ ಎಎಸ್‌ಐ ಒಬ್ಬರ ತಲೆಯ ಮೇಲೆ ಕಬ್ಬಿಣದ ರಾಡು ಬಿತ್ತು. ಆಸ್ಪತ್ರೆಯಲ್ಲಿ ತೀರಿಕೊಂಡರು. ಯುರೋಪಿಗೆ ಹೋಗುವ ರಾಡು ತಾನು ಹುಟ್ಟಿದ ಕುಲುಮೆಯ ಹೆಸರು ಹೇಳಬೇಕು. ಇಲ್ಲಿ ತಲೆ ಮೇಲೆ ಬೀಳುವ ರಾಡು ಯಾವ ಕಾಲಂ ತುಂಬಬೇಕಾಗಿತ್ತು? ಅದಕ್ಕೆ ಪಾಸ್‌ಪೋರ್ಟು ಬೇಕಿರಲಿಲ್ಲ. ಕೆಳಗೆ ಒಂದು ಬಲೆ ಬೇಕಿತ್ತು.

ಧಾರವಾಡ ಪೇಢೆಗೆ ಜಿಐ ಟ್ಯಾಗ್ ಸಿಕ್ಕು ಎಷ್ಟೋ ವರ್ಷಗಳಾದವು. ನೋಂದಣಿ ಸಂಖ್ಯೆ 85. ಅದೂ ಒಂದು ಪಾಸ್‌ಪೋರ್ಟೇ. ಈಗ ಯಾವುದೇ ಊರಿನ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಧಾರವಾಡವನ್ನು ಕನಸಿನಲ್ಲೂ ಕಾಣದ ಪೇಢೆ 'ಒರಿಜಿನಲ್ ಧಾರವಾಡ ಪೇಢಾ' ಅನ್ನುವ ಬೋರ್ಡಿನ ಕೆಳಗೆ ಸಕ್ಕರೆ ಉದುರಿಸಿಕೊಂಡು ಕೂತಿರುತ್ತದೆ. ಕಸೂತಿಗೂ ಜಿಐ ಇದೆ. ಕೈಯಲ್ಲಿ ಎಳೆ ಎಣಿಸಿ ಹಾಕಬೇಕಾದ ಗೋಪುರ, ತೇರುಗಳನ್ನು ಮಷಿನ್ನು ಮಿಂಚಿನಲ್ಲಿ ಹಾಕಿ ಮುಗಿಸುತ್ತದೆ. ನವಲಗುಂದದ ಜಮಖಾನಕ್ಕೂ ಇದೆ. ನೇಯುವ ಹೆಣ್ಣುಮಕ್ಕಳನ್ನು ಮಾತ್ರ ಹುಡುಕಬೇಕು. ಟ್ಯಾಗು ಕೊಟ್ಟ ದಿನ ಫೋಟೋ ಹೊಡೆದವರು ಮತ್ತೆ ತಿರುಗಿ ನೋಡಿಲ್ಲ.

ಯುರೋಪಿನವರೇನು ಸಾಚಾ ಅಲ್ಲ. ಅವರು ಉಟ್ಟು ಬಿಟ್ಟ ಬಟ್ಟೆಗಳು ಕಂಟೇನರು ಕಂಟೇನರು ಕಾಂಡ್ಲಾ ಬಂದರಿಗೆ ಬಂದಿಳಿಯುತ್ತವೆ. ಪಾಣಿಪತ್ತಿನಲ್ಲಿ ಹರಿದು, ಅರೆದು, ಮತ್ತೆ ನೂಲಾಗುತ್ತವೆ. ಅವರ ಸವೆದ ಟೈರುಗಳು ನಮ್ಮ ಭಟ್ಟಿಗಳಲ್ಲಿ ಕರಗಿ ಎಣ್ಣೆಯಾಗುತ್ತವೆ. ಆ ಹೊಗೆ ನಮ್ಮ ಲೆಕ್ಕಕ್ಕೆ. ಅಂಗಿ ಅಲ್ಲಿಗೆ ಹೋಗುವಾಗ ಪಾಸ್‌ಪೋರ್ಟು ಬೇಕು. ಚಿಂದಿಯಾಗಿ ಇಲ್ಲಿಗೆ ಬರುವಾಗ ವೀಸಾ ಕೇಳುವವರಿಲ್ಲ.

ಗಡುವಿನ ವಿಷಯದಲ್ಲೂ ಅವರದೊಂದು ಚಂದ. ಕಾಡು ಕಡಿದು ಬೆಳೆದ ಕಾಫಿ ಬೇಡ ಅಂದರು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರ ತನ್ನ ತೋಟದ ಅಕ್ಷಾಂಶ ರೇಖಾಂಶ ಹಿಡಿದು ಕಾಫಿ ಬೋರ್ಡಿನ ಆ್ಯಪಿನ ಮುಂದೆ ಕೂತ. ಗಡುವು 2024ರ ಡಿಸೆಂಬರ್ ಅಂದಿದ್ದರು. ಒಂದು ವರ್ಷ ಮುಂದಕ್ಕೆ ಹಾಕಿದರು. ಆಮೇಲೆ ಇನ್ನೊಂದು ವರ್ಷ. ತಾವೇ ತಯಾರಾಗಿಲ್ಲವಂತೆ. ಇದೇ ಮಾತು ಬೆಳೆಗಾರ ಹೇಳಿದ್ದರೆ ಚೀಲ ಬಂದರಿನಲ್ಲೇ ಕೊಳೆಯುತ್ತಿತ್ತು.

ಇನ್ನು ಪಾಸ್‌ಪೋರ್ಟಿನಲ್ಲಿ ಏನಿಲ್ಲ ಅಂತ ನೋಡಿ. ಬಟ್ಟೆಯ ನಾರು ಇದೆ, ಬಣ್ಣ ಇದೆ, ಹೊಗೆ ಇದೆ. ಹೊಲಿದವಳ ಕೂಲಿ ಇಲ್ಲ. ಈ ಕಾನೂನು ಪರಿಸರದ್ದು, ಕೂಲಿಯ ಮಾತು ಮುಂದೆ ಯಾವತ್ತಾದರೂ ನೋಡೋಣ ಅಂತ ಬದಿಗಿಟ್ಟಿದ್ದಾರೆ. ತಾರಿಹಾಳದಲ್ಲಿ 2022ರ ಜುಲೈನಲ್ಲಿ ಸ್ಪಾರ್ಕಲ್ ಕ್ಯಾಂಡಲ್ ಮಾಡುವ ಕಾರ್ಖಾನೆಗೆ ಬೆಂಕಿ ಬಿತ್ತು. ಕೂಲಿಗೆ ಹೋದ ಹೆಣ್ಣುಮಕ್ಕಳು ಸುಟ್ಟು ಸತ್ತರು. ಹುಟ್ಟುಹಬ್ಬದ ಕೇಕಿನ ಮೇಲೆ ಚುರುಚುರು ಉರಿಯುವ ಆ ಕ್ಯಾಂಡಲ್ಲಿಗೆ ಕ್ಯೂಆರ್ ಅಂಟಿಸಿದ್ದರೂ ಆ ಹೆಸರುಗಳು ಅದರಲ್ಲಿ ಬರುತ್ತಿರಲಿಲ್ಲ.

ಸರಿ. ಸರಕಿಗೆ ಜಾತಕ ಬೇಕು ಅನ್ನುವುದು ಬ್ರಸೆಲ್ಸಿನ ಬುದ್ಧಿವಂತರಿಗೆ ಈಗ ಹೊಳೆದಿದೆ. ಹುಬ್ಬಳ್ಳಿಯ ಬೆಂಗೇರಿಯವರಿಗೆ ಯಾವತ್ತೋ ಗೊತ್ತಿತ್ತು.

ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರಲ್ಲಿ ಹುಟ್ಟಿದ್ದು. ರಾಷ್ಟ್ರಧ್ವಜ ತಯಾರಿಸಲು ಐಎಸ್‌ಐ ಮುದ್ರೆ ಪಡೆದ ಘಟಕ ಅದರದು. 2006ರಿಂದ. ದೇಶದಲ್ಲಿ ಈ ಪರವಾನಗಿ ಇರುವುದು ಬೆರಳೆಣಿಕೆಯಷ್ಟು ಕಡೆ. ಸರ್ಕಾರಿ ಕಚೇರಿಗಳ ಮೇಲೆ ನಿಯಮದ ಪ್ರಕಾರ ಹಾರುವ ಬಾವುಟ ಬೇಕೆಂದರೆ ದೇಶದ ನಾನಾ ಕಡೆಯವರು ಈ ಓಣಿಗೆ ಬರುತ್ತಾರೆ.

ಇಲ್ಲಿಯ ಬಾವುಟದ ಜಾತಕ ಕೇಳಿ. ನೂಲು ಕೈಯಲ್ಲಿ ನೂತದ್ದು. ಬಟ್ಟೆ ಕೈಮಗ್ಗದಲ್ಲಿ ನೇಯ್ದದ್ದು. ಒಂದಿಷ್ಟು ಬಾಗಲಕೋಟೆ ಕಡೆಯದು. ಧಾರವಾಡದ ಪಕ್ಕದ ಗರಗವೂ ಬಾವುಟದ ಬಟ್ಟೆಗೆ ಹೆಸರಾದ ಊರೇ. ಆ ಬಟ್ಟೆಗೆ ಮೂರು ಪಾಲಿನಲ್ಲಿ ಬಣ್ಣ. ಬಿಳಿಯ ಮೇಲೆ ನೀಲಿ ಚಕ್ರ, ಎರಡೂ ಬದಿಗೆ, ಒಂದರ ಬೆನ್ನಿಗೆ ಇನ್ನೊಂದು ಕೂದಲೆಳೆ ಆಚೀಚೆಯಾಗದಂತೆ. 24 ಅರಗಳು. ಅಳತೆ ಒಂಬತ್ತು. ಮೇಜಿನ ಮೇಲಿಡುವ 6 ಇಂಚು ಉದ್ದದ್ದರಿಂದ ಹಿಡಿದು 21 ಅಡಿ ಉದ್ದದ ದೈತ್ಯನ ತನಕ. ಉದ್ದ ಅಗಲ ಯಾವಾಗಲೂ ಮೂರಕ್ಕೆ ಎರಡು. ಹಗ್ಗ ಹಾಯುವ ತೋಳಿಗೆ ಬೇರೆಯೇ ಗಟ್ಟಿ ಖಾದಿ. ಒಂದೊಂದು ಹಂತಕ್ಕೂ ತಪಾಸಣೆ. ತಪ್ಪಿದರೆ ಪಕ್ಕಕ್ಕೆ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಭಾರತೀಯ ಮಾನಕ ಬ್ಯೂರೋದ ಸಾವಿರಾರು ಮಾನಕಗಳಲ್ಲಿ ನಂಬರ್ ಒಂದು ಯಾವುದು ಗೊತ್ತೇ? ಸಿಮೆಂಟಿನದಲ್ಲ. ಉಕ್ಕಿನದಲ್ಲ. ಬಾವುಟದ್ದು. ಐಎಸ್ 1. ಸ್ವತಂತ್ರ ದೇಶ ತನ್ನ ಗುಣಮಟ್ಟದ ಪುಸ್ತಕ ತೆರೆದು ಮೊದಲ ಪುಟದಲ್ಲಿ ಬರೆದದ್ದು ಅದನ್ನು. 1951ರಲ್ಲಿ. ಆಗ ಕ್ಯೂಆರ್ ಇರಲಿಲ್ಲ, ಬ್ಲಾಕ್‌ಚೈನ್ ಇರಲಿಲ್ಲ, ಕನ್ಸಲ್ಟಂಟ್ ಹುಟ್ಟಿರಲಿಲ್ಲ.

ಅಂದರೆ ಪಾಸ್‌ಪೋರ್ಟಿರುವ ಒಂದು ಸರಕು ನಮ್ಮೂರಲ್ಲೇ ಇತ್ತು. ಅದನ್ನು ಏನು ಮಾಡಿದೆವು?

2021ರ ಡಿಸೆಂಬರ್ 30ಕ್ಕೆ ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಕೈಯಲ್ಲಿ ನೂತದ್ದೇ ಆಗಬೇಕೆಂದಿಲ್ಲ. ಮಷಿನ್ನಿನದೂ ನಡೆಯುತ್ತದೆ. ಹತ್ತಿ, ಉಣ್ಣೆ, ರೇಷ್ಮೆಯ ಸಾಲಿಗೆ ಪಾಲಿಯೆಸ್ಟರೂ ಸೇರಿತು. ಜಗತ್ತು ಅಂಗಿಯ ಗುಂಡಿಗೂ ಕುಲ ಕೇಳಲು ಹೊರಟ ಕಾಲದಲ್ಲಿ ನಾವು ಬಾವುಟದ ಕುಲ ಕೇಳುವುದನ್ನು ಬಿಟ್ಟೆವು.

ಮರು ವರ್ಷ, ಅಂದರೆ 2022ರಲ್ಲಿ, ಸ್ವಾತಂತ್ರ್ಯದ ಅಮೃತ ಮಹೋತ್ಸವ. ಮನೆ ಮನೆಯಲ್ಲಿ ತಿರಂಗಾ. ಗುರಿ 20 ಕೋಟಿ ಮನೆ. ಅಂಚೆ ಕಚೇರಿಯಲ್ಲಿ ಬಾವುಟ 25 ರೂಪಾಯಿ. ಅಳತೆ 20 ಇಂಚಿಗೆ 30 ಇಂಚು. ನೂತವಳು, ನೇಯ್ದವನು, ಬಣ್ಣ ಅದ್ದಿದವನು, ಚಕ್ರ ಒತ್ತಿದವಳು, ಹೊಲಿದವಳು, ಎಲ್ಲರಿಗೂ ಆ 25 ರೂಪಾಯಿಯನ್ನು ಹಂಚಿ ನೋಡಿ. ಒಬ್ಬೊಬ್ಬರಿಗೆ ಒಂದು ಕಪ್ ಚಹಾಕ್ಕಾದರೂ ಬರುತ್ತದೆಯೇ ಹೇಳಿ. ಇಷ್ಟು ಕಡಿಮೆಗೆ ಖಾದಿ ಬರುವುದಿಲ್ಲ ಅಂತ ಲೆಕ್ಕ ಬಲ್ಲವರಿಗೆಲ್ಲ ಗೊತ್ತಿತ್ತು. ಅದಕ್ಕೇ ಲೆಕ್ಕ ಬದಲಿಸಲಿಲ್ಲ, ಬಟ್ಟೆ ಬದಲಿಸಿದರು. ಪಾಲಿಯೆಸ್ಟರ್ ಬಾವುಟಕ್ಕೂ ಜಿಎಸ್‌ಟಿ ಇಲ್ಲ ಅಂತ ಸ್ಪಷ್ಟೀಕರಣವೂ ಬಂತು. ಖಾದಿಗೆ ಇದ್ದ ಒಂದೇ ಒಂದು ಮೇಲುಗೈಯೂ ಹೋಯಿತು.

ಬಂದ ಬಾವುಟಗಳಾದರೂ ಹೇಗಿದ್ದವು? ಚಕ್ರ ನಡುವೆ ಇಲ್ಲ. ಒಂದು ಪಟ್ಟಿ ದಪ್ಪ, ಒಂದು ಪಟ್ಟಿ ಸಣಕಲು. ಹೊಲಿಗೆ ಓರೆ. ಆ ಆಗಸ್ಟಿನಲ್ಲಿ ಹಲವು ಕಡೆಯಿಂದ ದೂರು ಬಂದವು. ಬೆಂಗೇರಿಯಲ್ಲಿ ಇಂಥ ಬಾವುಟ ಬಾಗಿಲು ದಾಟುತ್ತಿರಲಿಲ್ಲ. ದೇಶಭಕ್ತಿಯ ತುರ್ತಿನಲ್ಲಿ ಅಳತೆಪಟ್ಟಿ ಹಿಡಿದವನು ದೇಶದ್ರೋಹಿಯಂತೆ ಕಂಡ.

ಬೆಂಗೇರಿಯವರು ಪ್ರತಿಭಟನೆ ಮಾಡಿದರು. ಆಗಸ್ಟ್ 3ಕ್ಕೆ ರಾಹುಲ್ ಗಾಂಧಿ ಬಂದರು. ಘಟಕ ನೋಡಿದರು. ಕ್ಯಾಮೆರಾಗಳು ಬಂದವು, ಹೋದವು. ಮುಂದಿನ ವರ್ಷ ಮೇ ತಿಂಗಳಲ್ಲಿ ರಾಜ್ಯದಲ್ಲಿ ಅವರದೇ ಪಕ್ಷ ಗೆದ್ದಿತು. ಆಮೇಲೆ ಬೆಂಗೇರಿಯ ದಾರಿ ಯಾರ್ಯಾರಿಗೆ ನೆನಪಿದೆ ಅಂತ ಆ ದಾರಿಯ ತಗ್ಗುಗಳನ್ನೇ ಕೇಳಬೇಕು.

ಕೇಂದ್ರದಲ್ಲಿ ಆಳುವ ಪಕ್ಷದ್ದು ಇನ್ನೂ ಸ್ವಾರಸ್ಯ. ತಿದ್ದುಪಡಿಯಾದಾಗ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು ಕೇಂದ್ರ ಸಂಪುಟದಲ್ಲೇ ಇದ್ದರು. 2024ರ ಜೂನ್‌ನಿಂದ ಅವರು ಗ್ರಾಹಕ ವ್ಯವಹಾರಗಳ ಸಚಿವರು. ಐಎಸ್‌ಐ ಮುದ್ರೆ ಒತ್ತುವ ಮಾನಕ ಬ್ಯೂರೋ ಬರುವುದು ಅದೇ ಇಲಾಖೆಯ ಕೆಳಗೆ. ಅಂದರೆ ಬಾವುಟದ ಊರು ಅವರದೇ ಕ್ಷೇತ್ರ, ಬಾವುಟದ ಮುದ್ರೆ ಅವರದೇ ಖಾತೆ. ಇಷ್ಟು ಹತ್ತಿರದ ಸಂಬಂಧವನ್ನು ಬ್ರಸೆಲ್ಸಿನವರೂ ಯಾವ ಪಾಸ್‌ಪೋರ್ಟಿನಲ್ಲೂ ಬರೆದಿರಲಾರರು.

ಇದೇ ಬ್ಯೂರೋ ಮಕ್ಕಳ ಆಟಿಕೆಗೆ ಐಎಸ್‌ಐ ಮುದ್ರೆ ಇಲ್ಲದಿದ್ದರೆ ಅಂಗಡಿಗೆ ದಾಳಿ ಮಾಡುತ್ತದೆ. 2021ರ ಜನವರಿ 1ರಿಂದ ಅದು ಕಡ್ಡಾಯ. ಮಾಡಲಿ, ಒಳ್ಳೆಯದೇ. ಕೀಲಿ ಕೊಟ್ಟರೆ ಕುಣಿಯುವ ಮಂಗನಿಗೆ ಮುದ್ರೆ ಬೇಕು. 25 ರೂಪಾಯಿಯ ಬಾವುಟಕ್ಕೆ ಯಾರೂ ಕೇಳಲಿಲ್ಲ.

ಈಗ ಇನ್ನೊಂದು ತಾರೀಕು ನೋಡಿ. 2022ರ ಜುಲೈ 1. ಅಂದಿನಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧ. ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಕಿವಿ ಕಡ್ಡಿ ಇದೆ, ಬಲೂನಿನ ಕಡ್ಡಿ ಇದೆ. ಮತ್ತೇನಿದೆ? ಪ್ಲಾಸ್ಟಿಕ್ ಬಾವುಟ. ಅಕ್ಷರಶಃ ಹಾಗೇ ಬರೆದಿದ್ದಾರೆ. ಮರು ತಿಂಗಳು 20 ಕೋಟಿ ಮನೆಗೆ ಪಾಲಿಯೆಸ್ಟರ್ ಬಾವುಟದ ಕರೆ. ಪಾಲಿಯೆಸ್ಟರ್ ಅಂದರೆ ಏನು ಅಂತ ಪಿಯುಸಿ ರಸಾಯನಶಾಸ್ತ್ರದ ಹುಡುಗನನ್ನು ಕೇಳಿ. ನೀರಿನ ಬಾಟಲಿಗೂ ಅದಕ್ಕೂ ವಸ್ತು ಒಂದೇ. ಪೆಟ್. ಒಂದನ್ನು ಊದಿ ಬಾಟಲಿ ಮಾಡುತ್ತಾರೆ, ಒಂದನ್ನು ಎಳೆದು ನೂಲು ಮಾಡುತ್ತಾರೆ. ಹಾಳೆಯಾದರೆ ನಿಷೇಧ. ನೂಲಾದರೆ ರಾಷ್ಟ್ರಪ್ರೇಮ.

ಗಾಳಿಗೆ ಬಿಸಿಲಿಗೆ ಅದು ಹರಿಯುತ್ತದೆ. ಎಳೆ ಎಳೆಯಾಗಿ ಉದುರುತ್ತದೆ. ಉದುರಿದ್ದು ಉಣಕಲ್ ಕೆರೆಗೂ ಹೋಗುತ್ತದೆ, ತೋಳನ ಕೆರೆಗೂ ಹೋಗುತ್ತದೆ. ಖಾದಿ ಮಣ್ಣಾಗುತ್ತದೆ. ಇದು ಮಣ್ಣಾಗುವುದಿಲ್ಲ. ಹಗಲು ರಾತ್ರಿ ಹಾರಿಸಬಹುದು ಅಂತ 2022ರ ಜುಲೈನಲ್ಲಿ ಇನ್ನೊಂದು ತಿದ್ದುಪಡಿ ಬಂತಲ್ಲ, ಹಾಗಾಗಿ ಇಳಿಸುವ ಕೆಲಸವೂ ಇಲ್ಲ. ಎಷ್ಟೋ ಮನೆಗಳ ಮಾಳಿಗೆಯಲ್ಲಿ ಡಿಶ್ ಆಂಟೆನಾದ ಕೊರಳಿಗೆ ಸುತ್ತಿಕೊಂಡು ಬಣ್ಣ ಮಾಸಿ ಕೂತಿರುತ್ತದೆ. ತೆಗೆಯಿರಿ ಅಂದರೆ, "ತೆಗೀಬೇಕ್ರಿ, ಆದ್ರ ಎಲ್ಲಿ ಹಾಕೋದು?"

ಒಳ್ಳೆಯ ಪ್ರಶ್ನೆ. ಪಾಸ್‌ಪೋರ್ಟಿನಲ್ಲಿ ಬರಬೇಕಾದ ಮಾಹಿತಿ ಇದೇ. ಸರಕಿನ ಆಯುಷ್ಯ ಮುಗಿದ ಮೇಲೆ ಏನು ಮಾಡಬೇಕು? ಬಾವುಟಕ್ಕೆ ನಾವೇ ತುಂಬೋಣ.

ಧ್ವಜ ಸಂಹಿತೆ ಹೇಳುತ್ತದೆ: ಹರಿದ ಬಾವುಟವನ್ನು ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು ಮುಗಿಸಬೇಕು. ಖಾದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಾಲು. ಖಾದಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತೊಟ್ಟಿಕ್ಕಿ, ಕರಿ ಗಂಟಾಗಿ ನೆಲಕ್ಕಂಟುತ್ತದೆ. ಮೇಲಿಂದ ನಾತ. ಪಕ್ಕದ ಮನೆಯವರು ಬಂದೇ ಬರುತ್ತಾರೆ.

ಅವರು ಬಂದರೆ ಅದು ಖಾಸಗಿ ಅಲ್ಲ. ಸಾರ್ವಜನಿಕರ ಕಣ್ಣ ಮುಂದೆ ಬಾವುಟ ಸುಟ್ಟರೆ 1971ರ ರಾಷ್ಟ್ರೀಯ ಗೌರವ ಕಾಯ್ದೆಯ ಪ್ರಕಾರ ಮೂರು ವರ್ಷದ ತನಕ ಜೈಲು. ಸುಟ್ಟದ್ದು ಬಾವುಟ ಅಲ್ಲ, ಬರೀ ಪ್ಲಾಸ್ಟಿಕ್ ಕಸ ಅಂತ ವಾದಿಸಿದರೆ, ಬಯಲಲ್ಲಿ ಕಸ ಸುಟ್ಟವರಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ನಿಗದಿ ಮಾಡಿದ 5,000 ರೂಪಾಯಿ ದಂಡ. ಸುಡದೆ ಪಾಲಿಕೆಯ ಕಸದ ಗಾಡಿಗೆ ಹಾಕಿದರೆ ಅವಮಾನ ಮಾಡಿದಿರಿ ಅಂತ ಓಣಿಯ ದೇಶಭಕ್ತರು ವಿಡಿಯೋ ತೆಗೆಯುತ್ತಾರೆ. ಗಾಡಿಯವನೂ ಮುಟ್ಟುವುದಿಲ್ಲ. "ಅದೊಂದು ಬ್ಯಾಡ್ರಿ ಅಕ್ಕಾರ, ನಮ್ಮ ನೌಕರಿ ಹೊಕ್ಕೈತಿ" ಅಂತ ಗಾಡಿ ಮುಂದಕ್ಕೆ ಓಡಿಸುತ್ತಾನೆ.

ಹಸಿ ಕಸವೋ ಒಣ ಕಸವೋ ಅನ್ನುವ ಪ್ರಶ್ನೆಗೇ ಬರಲಿಲ್ಲ ನೋಡಿ ಅವನು.